ಊರಿನ ಕ್ರೈಸ್ತ ಸಭೆಯ ಚರಿತ್ರೆಯನ್ನು ಬರೆಯುವ ಕ್ರಮ

ಸಭೆಗೆ ನೂರೋ ನೂರೈವತ್ತೋ ವರ್ಷ ತುಂಬುವ ಹೊತ್ತಿಗೆ ಸ್ಮರಣ ಸಂಚಿಕೆಯೊಂದನ್ನು ತರಬೇಕೆಂಬ ಮಾತು ಹಿರಿಯರ ಮಂಡಳಿಯಲ್ಲಿ ಬರುತ್ತದೆ. ಹೀಗೆ ಹೊರಬರುವ ಸಂಚಿಕೆಗಳಲ್ಲಿ ಶುಭಾಶಯ ಸಂದೇಶಗಳು, ಸಭಾಪಾಲಕರ ಪಟ್ಟಿ, ದೇವಾಲಯದ ಭಾವಚಿತ್ರ ಎಲ್ಲವೂ ಇರುತ್ತವೆ. ಚರಿತ್ರೆ ಮಾತ್ರ ಎರಡು ಮೂರು ಪುಟಗಳಲ್ಲಿ ಮುಗಿಯುತ್ತದೆ, ಅದೂ ಬಹುಪಾಲು ಹಿಂದಿನ ಸಂಚಿಕೆಯಿಂದಲೇ ಎತ್ತಿಕೊಂಡದ್ದಾಗಿರುತ್ತದೆ. ಯಾವ ಮಿಶನರಿ ಯಾವ ವರ್ಷ ಬಂದರು, ಯಾರು ಅಡಿಗಲ್ಲು ಹಾಕಿದರು ಎಂಬುದು ತಿಳಿಯುತ್ತದೆಯೇ ಹೊರತು, ಮೊದಲ ಸಾಲಿನ ಬೆಂಚುಗಳಲ್ಲಿ ಕುಳಿತವರು ಯಾರು, ಅವರು ಎಲ್ಲಿಂದ ಬಂದರು, ಏನನ್ನು ಬಿಟ್ಟು ಬಂದರು, ಹೊಟ್ಟೆಪಾಡಿಗೆ ಏನು ಮಾಡಿದರು ಎಂಬುದು ತಿಳಿಯುವುದಿಲ್ಲ. ಸಭೆಯ ಚರಿತ್ರೆಯೆಂದರೆ ಮೊದಲಿಗೆ ಅದರ ಸದಸ್ಯರ ಚರಿತ್ರೆ ಎಂಬುದು ನನ್ನ ನಂಬಿಕೆ, ಮತ್ತು ಅದನ್ನು ಬರೆಯಲು ಬೇಕಾದ ಸಾಮಗ್ರಿ ನಾವು ಎಣಿಸುವುದಕ್ಕಿಂತ ಹೆಚ್ಚಾಗಿಯೇ ಉಳಿದಿದೆ. ಅದನ್ನು ಹುಡುಕುವ, ಓದುವ, ಪರೀಕ್ಷಿಸುವ ಮತ್ತು ಬರೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಧಾರವಾಡ ಮತ್ತು ಗದಗ ಜಿಲ್ಲೆಗಳ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ ಮೂಲದ ಸಭೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಬಳ್ಳಾರಿ, ಬೆಂಗಳೂರುಗಳ ಲಂಡನ್ ಮಿಶನ್ ಸಭೆಗಳವರು ಮತ್ತು ಹಳೆಯ ಮೈಸೂರಿನ ವೆಸ್ಲಿಯನ್ ಸಭೆಗಳವರು ದಾಖಲೆಗಳಿರುವ ಜಾಗವನ್ನು ಬದಲಿಸಿಕೊಂಡರೆ ಇದೇ ಕ್ರಮವನ್ನು ಅನುಸರಿಸಬಹುದು.

ಆರಂಭದ ವರ್ಷವನ್ನು ನಿರ್ಧರಿಸುವುದು

ಸಭೆ ಆರಂಭವಾದದ್ದು ಯಾವಾಗ ಎಂಬ ಪ್ರಶ್ನೆ ಸುಲಭವೆಂದು ಕಾಣುತ್ತದೆ. ಆದರೆ ಅದಕ್ಕೆ ಒಂದೇ ಉತ್ತರವಿರುವುದು ಅಪರೂಪ. ಮಂಗಳೂರನ್ನೇ ತೆಗೆದುಕೊಳ್ಳಿ. ಸಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಅಲ್ಲಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ. ಬ್ರಿಟಿಷರಲ್ಲದ ಮಿಶನ್‌ಗಳಿಗೂ ಭಾರತದ ಬಾಗಿಲು ತೆರೆದ 1833ರ ಶಾಸನ ಜಾರಿಗೆ ಬಂದ ಕೂಡಲೇ ಅವರು ಹೊರಟು ಬಂದಿದ್ದರು. ಕನ್ನಡ ಶಾಲೆ ಆರಂಭವಾದದ್ದು 1836ರಲ್ಲಿ. ಬಲ್ಮಠದ ಗುಡ್ಡದ ಜಾಗ ಮಿಶನ್ನಿಗೆ ದೊರೆತದ್ದು 1840ರಲ್ಲಿ, ಆಗಿನ ಕಲೆಕ್ಟರ್ ಬ್ಲೇರ್ ಅವರ ಕೊಡುಗೆಯಿಂದ. ಮಿಶನರಿಗಳ ಆಗಮನ, ಶಾಲೆ, ಮೊದಲ ದೀಕ್ಷಾಸ್ನಾನ, ಜಾಗದ ಪ್ರಾಪ್ತಿ, ದೇವಾಲಯದ ಪ್ರತಿಷ್ಠೆ, ಮೊದಲ ದೇಶೀಯ ಸಭಾಪಾಲಕರ ನೇಮಕ: ಇವುಗಳಲ್ಲಿ ಯಾವುದನ್ನು ಹುಟ್ಟು ಎಂದು ಕರೆಯಬೇಕು?

ಈ ಎಲ್ಲ ವರ್ಷಗಳನ್ನೂ ಪ್ರತ್ಯೇಕವಾಗಿ ಬರೆದುಕೊಂಡು, ಪ್ರತಿಯೊಂದಕ್ಕೂ ಆಧಾರ ಯಾವುದೆಂದು ಎದುರಿಗೆ ನಮೂದಿಸಿ. ನನ್ನನ್ನು ಕೇಳಿದರೆ, ಮೊದಲ ದೀಕ್ಷಾಸ್ನಾನದ ದಿನವನ್ನೇ ಸಭೆಯ ಆರಂಭವೆಂದು ಹಿಡಿಯುವುದು ಹೆಚ್ಚು ನ್ಯಾಯವಾದುದು. ಬೋಧಕರು ಬಂದು ಹೋದ ಮಾತ್ರಕ್ಕೆ ಸಭೆಯಾಗುವುದಿಲ್ಲ, ಕೇಳಿದವರು ಒಟ್ಟಾಗಿ ನಿಂತಾಗ ಸಭೆಯಾಗುತ್ತದೆ. ಆದರೂ ಊರಿನವರು ತಲೆಮಾರುಗಳಿಂದ ಬೇರೊಂದು ವರ್ಷವನ್ನು ಆಚರಿಸುತ್ತಾ ಬಂದಿದ್ದರೆ, ಅದನ್ನು ಅಳಿಸಿ ಹಾಕದೆ, ಆ ಆಚರಣೆ ಯಾವುದರ ನೆನಪಿನಲ್ಲಿ ಹುಟ್ಟಿತು ಎಂಬುದನ್ನು ವಿವರಿಸುವುದು ಚರಿತ್ರೆಕಾರನ ಕೆಲಸ.

ರಿಜಿಸ್ಟರುಗಳನ್ನು ಓದುವುದು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸಭೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಪುಸ್ತಕಗಳನ್ನು. ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಮರಣ, ಇವುಗಳ ರಿಜಿಸ್ಟರುಗಳು, ಕುಟುಂಬಗಳ ಪಟ್ಟಿ, ಹಿರಿಯರ ಮಂಡಳಿಯ ನಡಾವಳಿ ಪುಸ್ತಕ, ಕಾಣಿಕೆಯ ಲೆಕ್ಕ, ಶಾಲೆಯ ದಾಖಲಾತಿ ಪುಸ್ತಕ, ಇವು ಯಾವ ಯಾವ ವರ್ಷದಿಂದ ಯಾವ ವರ್ಷದವರೆಗೆ ಇವೆ ಎಂಬ ಪಟ್ಟಿಯನ್ನು ಮೊದಲು ಮಾಡಿ. ಇರುವುದಕ್ಕಿಂತ ಇಲ್ಲದಿರುವುದನ್ನು ಗಮನಿಸುವುದು ಇಲ್ಲಿ ಮುಖ್ಯ. ನಡುವೆ ಹತ್ತು ವರ್ಷಗಳ ಪುಸ್ತಕ ಕಾಣದಿದ್ದರೆ ಅದು ಬೇರೆ ಸಭೆಯ ಪೆಟ್ಟಿಗೆಯಲ್ಲಿ, ಹಿಂದಿನ ಸಭಾಪಾಲಕರ ಮನೆಯಲ್ಲಿ ಅಥವಾ ನ್ಯಾಯಾಲಯದ ಕಡತದಲ್ಲಿ ಇರುವ ಸಾಧ್ಯತೆ ಉಂಟು. ಹೊರಠಾಣೆಯಾಗಿದ್ದು ಬಳಿಕ ಸ್ವತಂತ್ರವಾದ ಸಭೆಗಳ ಮೊದಲ ದೀಕ್ಷಾಸ್ನಾನಗಳು ಬಹುತೇಕ ತಾಯಿಸಭೆಯ ಪುಸ್ತಕದಲ್ಲೇ ದಾಖಲಾಗಿರುತ್ತವೆ.

ಪುಸ್ತಕವನ್ನು ಮುಟ್ಟುವ ಮೊದಲು ಕೈ ತೊಳೆದು ಚೆನ್ನಾಗಿ ಒರಸಿಕೊಳ್ಳಿ. ಕರಾವಳಿಯ ತೇವಕ್ಕೆ ಹಾಳೆಗಳು ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ. ಮಳೆಗಾಲ ಮುಗಿದ ಮೇಲೆ, ಒಣ ಹವೆಯ ದಿನಗಳಲ್ಲಿ, ನೆರಳಿನಲ್ಲಿ ಗಾಳಿಯಾಡಲು ಬಿಟ್ಟು ನೋಡಿ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು, ಬಾಲ್‌ಪೆನ್ನಿನಿಂದ ಮಸುಕಾದ ಅಕ್ಷರವನ್ನು ತಿದ್ದುವುದು, ಈ ಮೂರೂ ಒಳ್ಳೆಯ ಉದ್ದೇಶದಿಂದಲೇ ನಡೆಯುತ್ತವೆ ಮತ್ತು ಮೂರೂ ಪುಸ್ತಕವನ್ನು ಹಾಳುಮಾಡುತ್ತವೆ. ಕಿಟಕಿಯ ಪಕ್ಕದ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಖಾಲಿ ಹಾಳೆಗಳನ್ನೂ ಬಿಡದೆ, ರಟ್ಟಿನಿಂದ ರಟ್ಟಿನವರೆಗೆ ಪ್ರತಿ ಪುಟದ ಚಿತ್ರವನ್ನು ತೆಗೆದುಕೊಂಡು, ಅಲ್ಲಿಂದ ಮುಂದೆ ಆ ಚಿತ್ರಗಳನ್ನೇ ಓದಿ.

ಹಳೆಯ ದೀಕ್ಷಾಸ್ನಾನದ ರಿಜಿಸ್ಟರಿನ ಒಂದು ಸಾಲು ಎಷ್ಟು ಹೇಳಬಲ್ಲದು ಎಂಬುದನ್ನು ತಾಳ್ಮೆಯಿಂದ ನೋಡಬೇಕು. ಕ್ರಮಸಂಖ್ಯೆ, ದಿನಾಂಕ, ಹೊಸ ಹೆಸರು, ಹಳೆಯ ಹೆಸರು, ತಂದೆತಾಯಿಯ ಹೆಸರು, ಪ್ರಾಯ, ಜಾತಿ ಅಥವಾ ಕಸುಬು, ಊರು, ಸಾಕ್ಷಿಗಳು, ದೀಕ್ಷಾಸ್ನಾನ ಕೊಟ್ಟವರ ರುಜು, ಕೊನೆಗೆ ಷರಾ: ಕಾಲಮುಗಳು ಪುಸ್ತಕದಿಂದ ಪುಸ್ತಕಕ್ಕೆ ವ್ಯತ್ಯಾಸವಾದರೂ ಈ ಮಾಹಿತಿಯ ಹೆಚ್ಚಿನ ಭಾಗ ಸಿಗುತ್ತದೆ. ಒಂದೇ ದಿನ ಗಂಡ, ಹೆಂಡತಿ, ನಾಲ್ವರು ಮಕ್ಕಳ ಹೆಸರು ಒಂದರ ಕೆಳಗೊಂದು ಬಂದರೆ ಆ ಮನೆ ಇಡಿಯಾಗಿ ಸೇರಿತೆಂದು ತಿಳಿಯುತ್ತದೆ. ಗಂಡಸಿನ ಹೆಸರೊಂದೇ ಇದ್ದು, ಹೆಂಡತಿಯ ಹೆಸರು ಮೂರು ವರ್ಷದ ಬಳಿಕ ಬಂದರೆ ಆ ಮೂರು ವರ್ಷ ಮನೆಯೊಳಗೆ ಏನು ನಡೆದಿರಬಹುದೆಂದು ಕೇಳಿಕೊಳ್ಳಬೇಕಾಗುತ್ತದೆ. ಸಾಕ್ಷಿಗಳಾಗಿ ನಿಂತವರ ಹೆಸರುಗಳನ್ನು ಕೂಡಿಸುತ್ತ ಹೋದರೆ ಯಾರ ಮೂಲಕ ಯಾರು ಸಭೆಗೆ ಬಂದರು ಎಂಬ ಸಂಬಂಧದ ಜಾಲ ಮೆಲ್ಲಗೆ ಬಿಡಿಸಿಕೊಳ್ಳುತ್ತದೆ. ಷರಾ ಕಾಲಮಿನಲ್ಲಿ ಕಲ್ಲಿಕೋಟೆಗೆ ಹೋದರು ಎಂಬಷ್ಟೇ ಬರೆದಿದ್ದರೂ ಅದರ ಹಿಂದೆ ಒಂದು ಕಾರ್ಖಾನೆ, ಒಂದು ವರ್ಗಾವಣೆ ಇರಬಹುದು. ಮಿಶನ್ನಿನ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳು ಮಂಗಳೂರಿನಿಂದ ಮಲಬಾರಿನವರೆಗೂ ಹರಡಿದ್ದರಿಂದ ಕುಟುಂಬಗಳು ಆ ದಾರಿಯಲ್ಲಿ ಓಡಾಡುತ್ತಲೇ ಇದ್ದವು.

ಹೆಸರುಗಳಲ್ಲಿ ಎಚ್ಚರ ಬೇಕು. ಯೋಸೇಫ, ಪೇತ್ರ, ಮರಿಯ, ರಾಹೇಲ ಎಂಬ ಹೆಸರುಗಳು ಒಂದೇ ದಶಕದಲ್ಲಿ ಹತ್ತಾರು ಬಾರಿ ಬರುತ್ತವೆ. ಯಾಕೋಬನೆಂದು ದೀಕ್ಷಾಸ್ನಾನ ಹೊಂದಿದವನು ಮದುವೆಯ ರಿಜಿಸ್ಟರಿನಲ್ಲಿ ಜೇಕಬ್ ಆಗಿರುತ್ತಾನೆ, ಕಾರ್ಖಾನೆಯ ಪಟ್ಟಿಯಲ್ಲಿ ತಂದೆಯ ಹಳೆಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತಿರುತ್ತಾನೆ. ಆದ್ದರಿಂದ ಪ್ರತಿಯೊಬ್ಬ ವ್ಯಕ್ತಿಗೂ ಒಂದು ಕಾರ್ಡು ಅಥವಾ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಇಟ್ಟು, ಹೆಸರಿನ ಜೊತೆಗೆ ತಂದೆಯ ಹೆಸರು, ಮನೆ ಮತ್ತು ಊರು ಈ ಮೂರರಲ್ಲಿ ಎರಡಾದರೂ ಹೊಂದಿದಾಗ ಮಾತ್ರ ಇಬ್ಬರನ್ನು ಒಬ್ಬರೆಂದು ಒಪ್ಪಿಕೊಳ್ಳಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಬಳಿಕದ ವಿವಾಹ ರಿಜಿಸ್ಟರುಗಳು ನಿಗದಿತ ನಮೂನೆಯಲ್ಲಿ ಇರುವುದರಿಂದ ಪ್ರಾಯ, ಕಸುಬು, ತಂದೆಯ ಹೆಸರುಗಳನ್ನು ತಾಳೆ ನೋಡಲು ಅವು ಬಹಳ ಉಪಕಾರಿ.

ಹೊರಗಿನ ದಾಖಲೆಗಳು

ಊರಿನ ಪೆಟ್ಟಿಗೆಯನ್ನು ಓದಿ ಮುಗಿಸಿದ ಮೇಲೆ ಮಾತ್ರ ಹೊರಗಿನ ಸಂಗ್ರಹಗಳಿಗೆ ಹೋಗಬೇಕು. ಇಲ್ಲದಿದ್ದರೆ ಏನನ್ನು ಹುಡುಕಬೇಕೆಂದೇ ತಿಳಿಯದೆ ದಿನಗಳು ಕಳೆಯುತ್ತವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಕರಾವಳಿಯವರಿಗೆ ಮೊದಲ ನಿಲ್ದಾಣ. ಅಲ್ಲಿ ಮಿಶನ್ ಮುದ್ರಣಾಲಯದ ಹಳೆಯ ಪ್ರಕಟಣೆಗಳೂ ಮಿಶನ್ ಕಾಲದ ಕಾಗದಪತ್ರಗಳೂ ಇವೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ಇತರ ಮಿಶನ್‌ಗಳ ಸಭೆಗಳವರಿಗೂ ಉಪಯುಕ್ತ. ಲಂಡನ್ ಮಿಶನ್ ಮತ್ತು ವೆಸ್ಲಿಯನ್ ಮಿಶನ್‌ಗಳ ಮೂಲ ಪತ್ರವ್ಯವಹಾರ ಲಂಡನ್ ವಿಶ್ವವಿದ್ಯಾಲಯದ ಸೋಆಸ್ (ಪೌರಸ್ತ್ಯ ಮತ್ತು ಆಫ್ರಿಕನ್ ಅಧ್ಯಯನ ಸಂಸ್ಥೆ) ಗ್ರಂಥಾಲಯದಲ್ಲಿದೆ.

ಬಾಸೆಲ್ ಮಿಶನ್ನಿನ ಮೂಲ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಇಂದಿನ ಮಿಶನ್ 21 ಸಂಸ್ಥೆಯ ಆಶ್ರಯದಲ್ಲಿವೆ. ಭಾರತದ ಪತ್ರವ್ಯವಹಾರ ಅಲ್ಲಿ ಸಿ ಅಕ್ಷರದ ಸಾಲಿನಲ್ಲಿ ಜೋಡಿಸಲ್ಪಟ್ಟಿದೆ, ಮತ್ತು ಹಳೆಯ ಭಾವಚಿತ್ರ, ನಕ್ಷೆಗಳ ದೊಡ್ಡ ಭಾಗವನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ನೋಡಬಹುದು. ಪ್ರತಿ ಠಾಣೆಯ ಮಿಶನರಿಗಳು ಬಾಸೆಲಿನ ಸಮಿತಿಗೆ ತ್ರೈಮಾಸಿಕ ವರದಿಗಳನ್ನು ಕಳುಹಿಸಬೇಕಿತ್ತು. ನಿಮ್ಮ ಊರಿನ ಮೊದಲ ಕುಟುಂಬಗಳ ಪ್ರಸ್ತಾಪ ಇರುವುದು ಈ ವರದಿಗಳಲ್ಲೇ. ಅವು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಇಂದಿನ ಜರ್ಮನ್ ಬಲ್ಲವರಿಗೂ ಸುಲಭವಾಗಿ ಓದಲು ಬರುವುದಿಲ್ಲ. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಅಂಥ ಬರಹವನ್ನು ಬಹುಮಟ್ಟಿಗೆ ಅಚ್ಚಿನ ಅಕ್ಷರಕ್ಕೆ ತಿರುಗಿಸಿ ಕೊಡುತ್ತದೆ; ಊರಿನ ಹೆಸರು, ಜನರ ಹೆಸರುಗಳನ್ನು ಮಾತ್ರ ಅದು ತಪ್ಪಾಗಿ ಓದುವುದರಿಂದ ಅವುಗಳನ್ನು ನಮ್ಮ ಕಣ್ಣಿನಿಂದಲೇ ಪರೀಕ್ಷಿಸಬೇಕು. ಜರ್ಮನ್ ಬಾರದವರಿಗೆ ಇಂಗ್ಲಿಷಿನಲ್ಲಿ ಮುದ್ರಿತವಾದ ವಾರ್ಷಿಕ ವರದಿಗಳಿವೆ. ಅವುಗಳ ಕೊನೆಯ ಪಟ್ಟಿಯಲ್ಲಿ ಪ್ರತಿ ಠಾಣೆಯ ಕರ್ತನ ಭೋಜನದಲ್ಲಿ ಪಾಲುಗೊಳ್ಳುವವರು, ಮಕ್ಕಳು, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರು ಎಂದು ಬೇರೆ ಬೇರೆ ಸಂಖ್ಯೆ ಸಿಗುತ್ತದೆ. ಒಂದು ವರ್ಷದ ಸಂಖ್ಯೆ ಹಠಾತ್ತನೆ ಏರಿದರೆ ಅಥವಾ ಇಳಿದರೆ ಅಲ್ಲಿ ನಿಲ್ಲಿ. ಕರಾವಳಿಯಲ್ಲಿ 1870ರ ಆಸುಪಾಸಿನ ಏರಿಕೆಗೆ ಉಡುಪಿಯ ಸುತ್ತಮುತ್ತ ಬಿಲ್ಲವ ಕುಟುಂಬಗಳು ಸೇರಿದ್ದು ಕಾರಣವಾಗಿರಬಹುದು. ಧಾರವಾಡ ಸೀಮೆಯಲ್ಲಿ 1876ರಿಂದ 1878ರವರೆಗಿನ ಮಹಾಕ್ಷಾಮದ ಅನಾಥ ಮಕ್ಕಳು ಮಿಶನ್ನಿನ ಆಶ್ರಯಕ್ಕೆ ಬಂದದ್ದು ಕಾರಣವಾಗಿರಬಹುದು. ಯಾವುದು ನಿಮ್ಮ ಸಭೆಗೆ ಅನ್ವಯಿಸುತ್ತದೆಂದು ರಿಜಿಸ್ಟರೇ ಹೇಳಬೇಕು.

ಈ ವರದಿಗಳನ್ನು ಓದುವಾಗ ಅವುಗಳನ್ನು ಯಾರಿಗಾಗಿ ಬರೆಯಲಾಯಿತು ಎಂಬುದನ್ನು ಮರೆಯಬಾರದು. ಕಾಣಿಕೆ ಕಳುಹಿಸುತ್ತಿದ್ದ ಯೂರೋಪಿನ ಭಕ್ತರು ಓದುವರೆಂದು ತಿಳಿದೇ ಬರೆದ ಬರಹದಲ್ಲಿ ಮನಪರಿವರ್ತನೆಯ ಕಥೆಗಳು ಮೆರುಗು ಪಡೆಯುವುದು ಸಹಜ, ಮತ್ತು ಊರೂರು ಅಲೆದ ಕನ್ನಡದ ಉಪದೇಶಿ ಹೆಸರಿಲ್ಲದೆ ಉಳಿಯುವುದೂ ಸಹಜ. ವರದಿಯಲ್ಲಿ ನಮ್ಮ ಉಪದೇಶಿ ಎಂದಷ್ಟೇ ಇರುವ ಮನುಷ್ಯನ ಹೆಸರನ್ನು ಅದೇ ವರ್ಷದ ವಿವಾಹ ರಿಜಿಸ್ಟರಿನ ಸಾಕ್ಷಿಗಳ ನಡುವೆಯೋ ಸಂಬಳದ ಪಟ್ಟಿಯಲ್ಲೋ ಹುಡುಕಿ ಹೊರತೆಗೆಯುವುದು ಈ ಇಡೀ ಕೆಲಸದಲ್ಲಿ ಅತ್ಯಂತ ತೃಪ್ತಿ ಕೊಡುವ ಭಾಗ.

1914ರ ನಂತರದ ಕೆಲವು ವರ್ಷಗಳಿಗೆ ಬಾಸೆಲಿನ ದಾಖಲೆ ತೆಳುವಾಗುತ್ತದೆ. ಮೊದಲ ಮಹಾಯುದ್ಧ ಆರಂಭವಾದಾಗ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಮಿಶನ್ನಿನ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಆ ಕಾಲದಲ್ಲಿ ಸಭೆಗಳನ್ನು ಹೊತ್ತು ನಡೆಸಿದವರು ದೇಶೀಯ ಸಭಾಪಾಲಕರು ಮತ್ತು ಹಿರಿಯರು. ಅವರು ಬರೆದಿಟ್ಟ ನಡಾವಳಿ ಪುಸ್ತಕ ನಿಮ್ಮ ಸಭೆಯಲ್ಲಿ ಉಳಿದಿದ್ದರೆ, ಬಾಸೆಲಿನಲ್ಲೂ ಸಿಗದ ಸಂಪತ್ತು ಅದು.

ಸರಕಾರಿ ದಾಖಲೆಗಳನ್ನು ಹುಡುಕುವವರು ಹಳೆಯ ಆಡಳಿತದ ಗಡಿಗಳನ್ನು ತಿಳಿದಿರಬೇಕು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ ಅವುಗಳ ಹಳೆಯ ಕಡತಗಳು ಚೆನ್ನೈಯಲ್ಲಿ, ಧಾರವಾಡ ಮತ್ತು 1862ರ ಬಳಿಕ ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅವುಗಳ ಕಡತಗಳು ಮುಂಬಯಿಯಲ್ಲಿ ಇವೆ. ಧಾರವಾಡ ಕಡೆಯ ಕೆಲವು ಹಳೆಯ ಭೂದಾಖಲೆಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರುವುದರಿಂದ ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಜಾಗ, ಕಟ್ಟಡ, ಸಮಾಧಿ

ದೇವಾಲಯದ ಜಾಗ ಹೇಗೆ ಬಂತೆಂಬುದಕ್ಕೆ ದಾನಪತ್ರ, ಕ್ರಯಪತ್ರ, ಹಳೆಯ ಸರ್ವೆ ನಕ್ಷೆ, ಉಪನೋಂದಣಿ ಕಚೇರಿಯ ಋಣಭಾರ ಪತ್ರ ಇವು ಆಧಾರ. ಕೆಲವು ಸಭೆಗಳಿಗೆ ಜಾಗವೇ ಹುಟ್ಟಿನ ಕಾರಣ. ಕೊಡಗಿನ ಆನಂದಪುರದಲ್ಲಿ 1850ರ ದಶಕದಲ್ಲಿ ಬಾಸೆಲ್ ಮಿಶನರಿ ಹರ್ಮನ್ ಮೋಗ್ಲಿಂಗ್ ಮತ್ತು ದೇಶೀಯ ಬೋಧಕ ಆನಂದರಾವ್ ಕೌಂಡಿನ್ಯರ ಶ್ರಮದಿಂದ ನೆಲೆನಿಂತ ಸಭೆ ಹೊಲೆಯ ಸಮುದಾಯದ ಕೃಷಿ ಕಾರ್ಮಿಕರಿಗೆ ಭೂಮಿಯ ಆಸರೆಯನ್ನು ಒದಗಿಸುವ ಪ್ರಯತ್ನದೊಂದಿಗೇ ಬೆಳೆಯಿತು. ಅಂಥ ಕಡೆ ಭೂಮಿಯ ಕಾಗದವನ್ನು ಓದದೆ ಸಭೆಯ ಚರಿತ್ರೆ ಬರೆಯಲಾಗದು.

ಕಟ್ಟಡವನ್ನು ಓದುವಾಗ ಮಾಡಿಗೆ ಏಣಿ ಹಾಕಿ, ಹಂಚಿನ ಅಡಿಮೈಯನ್ನು ನೋಡಿ. ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರಿಂದ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾಯಿತು. ಬಳಿಕ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಯ ಬಳಿಯ ಫರೋಕ್ ಮುಂತಾದ ಕಡೆ ಕಾರ್ಖಾನೆಗಳಾದವು. ಹಂಚಿನ ಮೇಲೆ 1865 ಎಂಬ ಅಂಕಿ ಒತ್ತಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ; ಅದನ್ನು ನೋಡಿ ದೇವಾಲಯದ ವಯಸ್ಸನ್ನು ನಿರ್ಧರಿಸಿದರೆ ದಶಕಗಳಷ್ಟು ತಪ್ಪಾಗುತ್ತದೆ. ಕಾರ್ಖಾನೆಯ ಊರಿನ ಹೆಸರು ಹೆಚ್ಚು ನಂಬಲರ್ಹ: ಮಲ್ಪೆಯ ಮುದ್ರೆಯಿದ್ದರೆ ಹಂಚು 1886ಕ್ಕಿಂತ ಹಿಂದಿನದಲ್ಲ, ಫರೋಕಿನದಾದರೆ 1905ಕ್ಕಿಂತ ಹಿಂದಿನದಲ್ಲ, ಕಾಮನ್‌ವೆಲ್ತ್ ಮುದ್ರೆಯಿದ್ದರೆ ಯುದ್ಧಾನಂತರದ್ದು. ಆದರೂ ಮಾಡಿನ ಹಂಚು ಗೋಡೆಗಿಂತ ಹೊಸದಿರಬಹುದೆಂಬುದು ನೆನಪಿರಲಿ. ಗಂಟೆಯ ಮೇಲಿನ ಎರಕದ ಅಕ್ಷರ, ಪ್ರತಿಷ್ಠೆಯ ಕಲ್ಲು, ಕರ್ತನ ಭೋಜನದ ಪಾತ್ರೆಯ ಮೇಲಿನ ಕೊರೆತ ಇವುಗಳನ್ನೂ ಇದ್ದಂತೆಯೇ ನಕಲು ಮಾಡಿಕೊಳ್ಳಿ. ಸಮಾಧಿ ಕಲ್ಲುಗಳನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಆಸಿಡ್, ತಂತಿಬ್ರಶ್‌ಗಳನ್ನು ಹತ್ತಿರಕ್ಕೂ ತರಬೇಡಿ. ಕಲ್ಲಿಲ್ಲದ ಸಮಾಧಿಗಳೇ ಹೆಚ್ಚು ಎಂಬುದನ್ನು ಗಮನಿಸಿ, ಮರಣದ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಕಲ್ಲು ಇಡಿಸಲಾಗದೆ ಹೋದವರ ಹೆಸರುಗಳನ್ನೂ ಪಟ್ಟಿಗೆ ಸೇರಿಸಿ.

ಹಿರಿಯರ ನೆನಪು

ಪ್ರಾಯವಾದವರ ಸಂದರ್ಶನವನ್ನು ಮುಂದಕ್ಕೆ ಹಾಕಬೇಡಿ. ರಿಜಿಸ್ಟರು ಮುಂದಿನ ವರ್ಷವೂ ಇರುತ್ತದೆ. ಸಭೆಯ ಬಗ್ಗೆ ಏನಾದರೂ ಹೇಳಿ ಎಂದು ಕೇಳಿದರೆ ಆಗಿನವರ ಭಕ್ತಿ ಈಗಿನವರಲ್ಲಿಲ್ಲ ಎಂಬ ಉತ್ತರ ಬರುತ್ತದೆ. ಅದರ ಬದಲು, ಭಾನುವಾರ ಆರಾಧನೆಗೆ ಯಾವ ದಾರಿಯಾಗಿ ನಡೆದು ಬರುತ್ತಿದ್ದಿರಿ, ಗಂಡಸರು ಹೆಂಗಸರು ಎಲ್ಲೆಲ್ಲಿ ಕುಳಿತುಕೊಳ್ಳುತ್ತಿದ್ದರು, ಬೆಳೆಹಬ್ಬಕ್ಕೆ ನಿಮ್ಮ ಮನೆಯಿಂದ ಏನು ತರುತ್ತಿದ್ದಿರಿ, ಕಾರ್ಖಾನೆಯ ಸಂಬಳ ಯಾವ ದಿನ ಕೈಗೆ ಬರುತ್ತಿತ್ತು, ನೆರೆಮನೆಯವರ ಮದುವೆಗೆ ಕರೆ ಬರುತ್ತಿತ್ತೇ ಎಂದು ಕೇಳಿ. ಹಳೆಯ ಭಾವಚಿತ್ರವೊಂದನ್ನು ಕೈಗಿತ್ತರೆ ಮಾತು ತಾನಾಗಿ ಹರಿಯುತ್ತದೆ. ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಿ. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆದಿಟ್ಟುಕೊಂಡು ಬಳಿಕ ಕನ್ನಡಕ್ಕೆ ತನ್ನಿ.

ಹೆಂಗಸರನ್ನು ಪ್ರತ್ಯೇಕವಾಗಿ ಮಾತಾಡಿಸಿ. ಗಂಡಸರು ಪಕ್ಕದಲ್ಲಿದ್ದರೆ ಅವರೇ ಉತ್ತರಿಸಿಬಿಡುತ್ತಾರೆ. ನಡಾವಳಿ ಪುಸ್ತಕಗಳಲ್ಲಿ ಹೆಂಗಸರ ಹೆಸರು ಅಪರೂಪ, ಆದರೆ ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳಿದವರು, ಬೋರ್ಡಿಂಗಿನ ಮಕ್ಕಳಿಗೆ ಉಣಬಡಿಸಿದವರು, ಕಾಣಿಕೆಗೆ ಹಿಡಿಯಕ್ಕಿ ತೆಗೆದಿಟ್ಟವರು ಅವರೇ. ಮನೆಯಲ್ಲಿ ಹಳೆಯ ಸತ್ಯವೇದವಿದ್ದರೆ ಅದರ ಮೊದಲ ಅಥವಾ ಕೊನೆಯ ಖಾಲಿ ಹಾಳೆಯನ್ನು ತೋರಿಸಲು ಕೇಳಿಕೊಳ್ಳಿ. ಮಕ್ಕಳು ಹುಟ್ಟಿದ, ತೀರಿಹೋದ ದಿನಗಳನ್ನು ಅಲ್ಲಿ ಬರೆದಿಡುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ನೆನಪಿನಲ್ಲಿ ವರ್ಷಗಳು ಜಾರುತ್ತವೆ, ಘಟನೆಗಳು ಅಷ್ಟಾಗಿ ಜಾರುವುದಿಲ್ಲ. ಆದ್ದರಿಂದ ವರ್ಷಕ್ಕೆ ಕಾಗದವನ್ನು ನಂಬಿ, ಅನುಭವಕ್ಕೆ ನೆನಪನ್ನು ನಂಬಿ, ಎರಡೂ ಹೊಂದದಿದ್ದಾಗ ಎರಡನ್ನೂ ಓದುಗರ ಮುಂದಿಡಿ.

ನೋವಿನ ವಿಷಯಗಳು

ಇಲ್ಲಿಯೇ ಹೆಚ್ಚಿನ ಸಂಚಿಕೆಗಳು ಹಿಂಜರಿಯುತ್ತವೆ. ಸಭೆಗೆ ಸೇರಿದವರು ಏನನ್ನು ಕಳೆದುಕೊಂಡರು ಎಂಬುದನ್ನು ನೇರವಾಗಿ ಬರೆಯಬೇಕು. ಕುಟುಂಬದ ಆಸ್ತಿಯಿಂದ, ಬಾವಿಯಿಂದ, ನಂಟಿನಿಂದ ಹೊರಗಾದವರಿದ್ದರು. ಕಳ್ಳು ಇಳಿಸುವ ಕಸುಬನ್ನು ಮಿಶನ್ ಒಪ್ಪದಿದ್ದುದರಿಂದ ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕಬೇಕಾದವರಿದ್ದರು. ನೇಯ್ಗೆಯ ಮಗ್ಗ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳು ಬೆಳೆದದ್ದು ಬಹುಮಟ್ಟಿಗೆ ಈ ಅಗತ್ಯದಿಂದಲೇ. ಅದೇ ಕಾರಣದಿಂದ ಸಂಬಳ ಕೊಡುವವರೂ ಶಿಸ್ತು ವಿಧಿಸುವವರೂ ಒಬ್ಬರೇ ಆದರು ಎಂಬುದನ್ನೂ ಹೇಳಬೇಕು. ಭೂತಕೋಲಕ್ಕೆ ಹೋದದ್ದಕ್ಕೆ, ಕುಡಿತಕ್ಕೆ, ಸಭೆಯ ಹೊರಗೆ ಮದುವೆ ಮಾಡಿದ್ದಕ್ಕೆ ಕರ್ತನ ಭೋಜನದಿಂದ ದೂರ ಇಟ್ಟ ನಿರ್ಣಯಗಳು ನಡಾವಳಿಯಲ್ಲಿ ಸಿಕ್ಕರೆ ಅವನ್ನು ಮುಚ್ಚಿಡಬೇಡಿ. ಆದರೆ ಹೆಸರು ಹೇಳದೆ, ಆ ಶಿಸ್ತು ಹೇಗೆ ನಡೆಯುತ್ತಿತ್ತು ಎಂಬುದನ್ನು ವಿವರಿಸಿದರೆ ಸಾಕು. ಜಾತಿಯ ಭಾವನೆ ಸಭೆಯೊಳಗೂ ಉಳಿದಿತ್ತೇ, ಮದುವೆಯ ಸಂಬಂಧಗಳಲ್ಲಿ ಅದು ಕಂಡಿತೇ ಎಂಬ ಪ್ರಶ್ನೆಗೆ ವಿವಾಹ ರಿಜಿಸ್ಟರು ಮತ್ತು ದೀಕ್ಷಾಸ್ನಾನದ ರಿಜಿಸ್ಟರುಗಳನ್ನು ಜೊತೆಗಿಟ್ಟು ಓದಿದರೆ ಉತ್ತರ ಸಿಗುತ್ತದೆ.

ಬದುಕಿರುವವರ ವಿಷಯದಲ್ಲಿ ಮಾತ್ರ ನಿಯಮ ಕಠಿಣವಾಗಿರಬೇಕು. ದತ್ತು, ವಿವಾಹಬಾಹಿರ ಜನನ, ಅನಾಥಾಲಯದಿಂದ ಬಂದದ್ದು ಇಂಥ ವಿವರಗಳು ರಿಜಿಸ್ಟರಿನಲ್ಲಿದ್ದರೂ ಮುದ್ರಣಕ್ಕೆ ಬರಬಾರದು. ಕುಟುಂಬದ ಮೂಲ ಜಾತಿಯನ್ನು ಆ ಮನೆಯವರ ಒಪ್ಪಿಗೆ ಇಲ್ಲದೆ ಪ್ರಕಟಿಸಬೇಡಿ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ದೊರೆಯುವುದಿಲ್ಲವಾದ್ದರಿಂದ ಇದು ಅನೇಕ ಮನೆಗಳಿಗೆ ಕೇವಲ ಹಳೆಯ ಕಥೆಯಲ್ಲ. ಸಭೆಗಳ ಐಕ್ಯದ ಪ್ರಸಂಗದಲ್ಲೂ ಇಂಥದೇ ಸಂಯಮ ಬೇಕು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸಂತ ಜಾರ್ಜ್ ಕಥೀಡ್ರಲಿನಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಾಗ ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಸಭೆಗಳು ಸೇರಲಿಲ್ಲ; ನಂತರದ ವರ್ಷಗಳಲ್ಲಿ ಹಲವು ಸೇರಿದವು, ಕೆಲವರು ಯುಬಿಎಂ (ಯುನೈಟೆಡ್ ಬಾಸೆಲ್ ಮಿಶನ್) ಹೆಸರಿನಲ್ಲೇ ಉಳಿದರು. ನಿಮ್ಮ ಊರಿನಲ್ಲಿ ಆ ಚರ್ಚೆ ವ್ಯಾಜ್ಯದವರೆಗೆ ಹೋಗಿದ್ದರೆ ತೀರ್ಪಿನ ಪ್ರತಿಯನ್ನೂ ಎರಡೂ ಕಡೆಯ ಠರಾವುಗಳನ್ನೂ ಓದಿ, ಎರಡು ಪಕ್ಷದವರೂ ಇದು ನಮ್ಮ ಮಾತೇ ಎಂದು ಒಪ್ಪುವಂತೆ ಬರೆಯಿರಿ.

ಬರವಣಿಗೆ ಮತ್ತು ಪ್ರತಿ

ಅಧ್ಯಾಯಗಳನ್ನು ಸಭಾಪಾಲಕರ ಅಧಿಕಾರಾವಧಿಯಂತೆ ಭಾಗಮಾಡುವ ರೂಢಿಯನ್ನು ಬಿಡುವುದು ಒಳ್ಳೆಯದು. ಮೊದಲ ಕುಟುಂಬಗಳು, ಕಾರ್ಖಾನೆಯ ಕಾಲ, ಯುದ್ಧದ ವರ್ಷಗಳು, ಐಕ್ಯದ ಚರ್ಚೆ, ಊರು ಬಿಟ್ಟು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದ ತಲೆಮಾರು ಎಂದು ಸಭೆಯ ಜೀವನ ತಿರುಗಿದ ಕಡೆಗಳಲ್ಲೇ ಅಧ್ಯಾಯ ತಿರುಗಲಿ. ಸಭಾಪಾಲಕರ ಪಟ್ಟಿ ಅನುಬಂಧದಲ್ಲಿರಲಿ. ಪ್ರತಿ ಸಂಗತಿಯ ಆಧಾರವನ್ನು, ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಸಹಿತ, ಅದೇ ಪುಟದ ಅಡಿಯಲ್ಲಿ ಕೊಡಿ. ಅಚ್ಚಿಗೆ ಹೋಗುವ ಮೊದಲು ಕರಡನ್ನು ಒಂದು ತಿಂಗಳು ಸಭಾಭವನದಲ್ಲಿ ಓದಲು ಇಟ್ಟು, ತಿದ್ದುಪಡಿಗಳನ್ನು ಬರಹದಲ್ಲಿ ಕೇಳಿ. ಹೆಸರುಗಳ ತಪ್ಪು ಆ ತಿಂಗಳಲ್ಲೇ ಹೆಚ್ಚಾಗಿ ಹೊರಬೀಳುತ್ತದೆ, ಹೊಸ ಭಾವಚಿತ್ರಗಳೂ ಬರುತ್ತವೆ.

ಪುಸ್ತಕ ಬಂದ ಮೇಲೆ ರಿಜಿಸ್ಟರುಗಳ ಚಿತ್ರಗಳು, ಧ್ವನಿಮುದ್ರಣಗಳು ಮತ್ತು ವ್ಯಕ್ತಿಗಳ ಪಟ್ಟಿ ಒಬ್ಬರ ಕಂಪ್ಯೂಟರಿನಲ್ಲೇ ಉಳಿಯಬಾರದು. ಒಂದು ಪ್ರತಿ ಸಭೆಯ ಕಚೇರಿಯಲ್ಲಿ, ಒಂದು ಸಭಾಪ್ರಾಂತದ ಕೇಂದ್ರದಲ್ಲಿ, ಒಂದು ಬಲ್ಮಠದ ದಾಖಲೆ ಸಂಗ್ರಹದಲ್ಲಿ ಇರಲಿ. ಯಾವ ಭಾಗವನ್ನು ಯಾರು ನೋಡಬಹುದು, ಬದುಕಿರುವವರ ವಿವರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು ಎಂಬುದನ್ನು ಹಿರಿಯರ ಮಂಡಳಿ ಠರಾವಿನ ಮೂಲಕ ನಿರ್ಧರಿಸಿ, ಆ ಠರಾವಿನ ನಕಲನ್ನು ಪ್ರತಿಯೊಂದರ ಜೊತೆಗೂ ಇಡಲಿ.